ಹೆಸರು ಒಂದು, ಔಷಧಿ ಮೂರು: ನೋವಿನ ಕಾಂಬಿನೇಷನ್ ಮಾತ್ರೆಯನ್ನು ಎಚ್ಚರದಿಂದ ತೆಗೆದುಕೊಳ್ಳುವುದು ಹೇಗೆ

ರಾಮನಗರದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನಮ್ಮ ಮೆಡಿಕಲ್ ಶಾಪ್. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೇ ಯಾರಾದರೂ ಬಂದು ನಿಂತಿರುತ್ತಾರೆ. ಮೂಟೆ ಇಳಿಸಿ ಏರಿಸಿ ಸೊಂಟ ಹಿಡಿದಿರುತ್ತದೆ. "ಅಣ್ಣಾ, ಆ ಹಸಿರು ಪಟ್ಟಿ ಮಾತ್ರೆ ಎರಡು ಕೊಡಿ" ಅನ್ನುತ್ತಾರೆ. ಹೆಸರು ಯಾರಿಗೂ ನೆನಪಿರುವುದಿಲ್ಲ. ಬಣ್ಣ ನೆನಪಿರುತ್ತದೆ, ಬೆಲೆ ನೆನಪಿರುತ್ತದೆ.

ಹೋದ ವರ್ಷ ಒಬ್ಬರು ಅಜ್ಜಿ ಬಂದಿದ್ದರು. ಕೈಚೀಲದಿಂದ ಮೂರು ಪಟ್ಟಿ ತೆಗೆದು ಕೌಂಟರ್ ಮೇಲಿಟ್ಟರು. ಒಂದು, ಮಂಡಿ ನೋವಿಗೆ ಅಂತ ಇಲ್ಲಿನ ಡಾಕ್ಟರ್ ಬರೆದದ್ದು. ಇನ್ನೊಂದು, ಕತ್ತು ನೋವಿಗೆ ಅಂತ ಮಗಳ ಊರಿನ ಡಾಕ್ಟರ್ ಬರೆದದ್ದು. ಮೂರನೆಯದು ಮನೆಯಲ್ಲಿ ಯಾವಾಗಲೂ ಇರುವ ಡೋಲೋ, ಅಂದರೆ ಬರೀ ಪ್ಯಾರಾಸಿಟಮಾಲ್. ಮೂರನ್ನೂ ದಿನಕ್ಕೆರಡು ಸಲ ನುಂಗುತ್ತಿದ್ದರು. ಮೊದಲ ಎರಡು ಪಟ್ಟಿ ತಿರುಗಿಸಿ ನೋಡಿದೆ. ಒಳಗಿದ್ದದ್ದು ಒಂದೇ: ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್. "ಬೇರೆ ಬೇರೆ ಮಾತ್ರೆ ಅಲ್ವೇನಪ್ಪಾ? ಹೆಸರೇ ಬೇರೆ ಇದೆಯಲ್ಲ" ಅಂದರು. ಅವರ ಕಾಲು ನೋಡಿದೆ. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಒಳಕ್ಕೆ ಹೂತಿತ್ತು.

ಅಜ್ಜಿಯ ತಪ್ಪೇನಿಲ್ಲ. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಒಳಗೆ ಏನಿದೆ ಅನ್ನುವುದು ಇರುವೆ ಅಕ್ಷರದಲ್ಲಿರುತ್ತದೆ. ಕಾಂಬಿನೇಷನ್ ಮಾತ್ರೆ ಅಂದರೆ ಒಂದು ಮಾತ್ರೆ ಅಲ್ಲ. ಎರಡೋ ಮೂರೋ ಔಷಧಿಯನ್ನು ಒಂದೇ ಅಚ್ಚಿನಲ್ಲಿ ಒತ್ತಿದ್ದು. ಅವುಗಳಿಂದ ಆಗುವ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಇದನ್ನು ಮರೆತದ್ದರಿಂದಲೇ ಆಗುವುದನ್ನು ನಾನು ಕೌಂಟರ್ ಹಿಂದೆ ನಿಂತು ನೋಡಿದ್ದೇನೆ.

ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಯಾವ ಮಾತ್ರೆ ತೆಗೆದುಕೊಳ್ಳಬೇಕು ಅಂತ ಹೇಳುವುದು ಡಾಕ್ಟರ ಕೆಲಸ. ಬರೆದುಕೊಟ್ಟ ಮಾತ್ರೆಯನ್ನು ಎಡವಟ್ಟಾಗದ ಹಾಗೆ ತೆಗೆದುಕೊಳ್ಳುವುದು ಹೇಗೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಇದೆಲ್ಲ ದೊಡ್ಡವರಿಗೆ ಮಾತ್ರ. ದೊಡ್ಡವರ ಕಾಂಬಿನೇಷನ್ ಮಾತ್ರೆಯನ್ನು ಅರ್ಧ ಮುರಿದು ಮಕ್ಕಳಿಗೆ ಕೊಡಲೇಬೇಡಿ.

ಹಂತ 1: ಪಟ್ಟಿ ತಿರುಗಿಸಿ, ಒಳಗೇನಿದೆ ಓದಿ

ಪಟ್ಟಿಯ ಹಿಂದೆ "ಪ್ರತಿ ಮಾತ್ರೆಯಲ್ಲಿ ಇರುವುದು" ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಓದಲು ಬಾರದಿದ್ದರೆ ಮನೆಯ ಮಕ್ಕಳ ಕೈಲಿ ಓದಿಸಿ. ನಮ್ಮ ಕಡೆ ಜಾಸ್ತಿ ಓಡುವ ಜೋಡಿಗಳು ಇವು:

- ಅಸೆಕ್ಲೋಫೆನಾಕ್ 100 ಮಿ.ಗ್ರಾಂ, ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಹೆಸರಿನ ಕೊನೆಗೆ ಸಾಮಾನ್ಯವಾಗಿ "ಪಿ" ಇರುತ್ತದೆ.
- ಇವೆರಡರ ಜೊತೆ ಸೆರಾಟಿಯೋಪೆಪ್ಟಿಡೇಸ್ 15 ಮಿ.ಗ್ರಾಂ. ಕೊನೆಗೆ "ಎಸ್‌ಪಿ". ಪೆಟ್ಟು, ಊತ, ಹಲ್ಲು ಕಿತ್ತ ಮೇಲೆ ಇದನ್ನು ಬರೆಯುವುದು ಜಾಸ್ತಿ.
- ಇಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325. ಕಾಂಬಿಫ್ಲಾಮ್ ಅಂದರೆ ಇದೇ.
- ಡೈಕ್ಲೋಫೆನಾಕ್ 50 ಜೊತೆ ಪ್ಯಾರಾಸಿಟಮಾಲ್.
- ಅಸೆಕ್ಲೋಫೆನಾಕ್ ಜೊತೆ, ಕೆಲವದರಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿ, ಸ್ನಾಯು ಸಡಿಲಿಸುವ ಒಂದು ಔಷಧಿ: ಟಿಜಾನಿಡಿನ್, ಕ್ಲೋರ್‌ಜೋಕ್ಸಜೋನ್ ಅಥವಾ ಥಯೋಕಾಲ್ಚಿಕೋಸೈಡ್. ಕೊನೆಗೆ "ಎಂಆರ್" ಅಂತಲೋ "ಟಿಎಚ್" ಅಂತಲೋ ಇರುತ್ತದೆ.
- ಮೆಫೆನಾಮಿಕ್ ಆಸಿಡ್ ಜೊತೆ ಡೈಸೈಕ್ಲೋಮಿನ್. ಮುಟ್ಟಿನ ಹೊಟ್ಟೆನೋವಿಗೆ.
- ಟ್ರಮಡಾಲ್ 37.5, ಪ್ಯಾರಾಸಿಟಮಾಲ್ 325. ಇದರ ಜಾತಿಯೇ ಬೇರೆ. 2018ರಿಂದ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಮಂಪರು ಬರುತ್ತದೆ, ಅಭ್ಯಾಸವೂ ಆಗಿಬಿಡಬಹುದು.

ಕೊನೆಯ ಅಕ್ಷರವನ್ನೇ ನಂಬಿ ಕೂರಬೇಡಿ. ಒಂದು ಕಂಪನಿಯ "ಎಂಆರ್" ಒಳಗೆ ಟಿಜಾನಿಡಿನ್ ಇದ್ದರೆ ಇನ್ನೊಂದರಲ್ಲಿ ಕ್ಲೋರ್‌ಜೋಕ್ಸಜೋನ್ ಇರಬಹುದು. ಅದಕ್ಕೇ ಹಿಂದಿನ ಸಾಲು ಓದಿ ಅನ್ನುವುದು.

ಹೆಚ್ಚಿನವುಗಳಲ್ಲಿ ಪ್ಯಾರಾಸಿಟಮಾಲ್ 325 ಯಾಕೆ ಅಂತ ಕೆಲವರು ಕೇಳುತ್ತಾರೆ. ಮೊದಲು 500 ಇರುತ್ತಿತ್ತು. ಲಿವರ್ ಹಾಳಾಗುವ ಭಯದಿಂದ, ಡಾಕ್ಟರ್ ಚೀಟಿಯ ಮೇಲೆ ಕೊಡುವ ಕಾಂಬಿನೇಷನ್‌ಗಳಲ್ಲಿ 325ಕ್ಕಿಂತ ಹೆಚ್ಚು ಇರಬಾರದು ಅಂತ 2011ರಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. ಆಮೇಲೂ ಕೆಲವು ಜೋಡಿಗಳು ನಿಷೇಧವಾಗಿವೆ. 2023ರಲ್ಲಿ ನಿಮೆಸುಲೈಡ್ ಮತ್ತು ಪ್ಯಾರಾಸಿಟಮಾಲ್ ಸೇರಿದ, ನೀರಿನಲ್ಲಿ ಕರಗುವ ಮಾತ್ರೆ ಹೋಯಿತು. 2024ರ ಆಗಸ್ಟ್‌ನಲ್ಲಿ 156 ಕಾಂಬಿನೇಷನ್‌ಗಳನ್ನು ಒಟ್ಟಿಗೆ ನಿಷೇಧಿಸಿದಾಗ ಅಸೆಕ್ಲೋಫೆನಾಕ್ 50, ಪ್ಯಾರಾಸಿಟಮಾಲ್ 125 ಇರುವ ಮಾತ್ರೆಯೂ ಅದರಲ್ಲಿತ್ತು. ಹಳೆಯ ಡಬ್ಬಿಯಲ್ಲಿ ಇಂಥದ್ದು ಉಳಿದಿದ್ದರೆ ಎಸೆಯಿರಿ.

ಸೆರಾಟಿಯೋಪೆಪ್ಟಿಡೇಸ್ ಬಗ್ಗೆ ಒಂದು ಮಾತು, ಯಾಕಂದರೆ ನಮ್ಮೂರಿಗೂ ಅದಕ್ಕೂ ಒಂದು ನಂಟಿದೆ. ರೇಷ್ಮೆ ಹುಳುವಿನ ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾದಿಂದ ಈ ಕಿಣ್ವವನ್ನು ಜಪಾನಿನಲ್ಲಿ ಮೊದಲು ಬೇರ್ಪಡಿಸಿದರು. ಊತ ಇಳಿಸುತ್ತದೆ ಅಂತ ದಶಕಗಟ್ಟಲೆ ಮಾರಿದರು. ಕೊನೆಗೆ ಅಲ್ಲಿನ ಟಕೇಡಾ ಕಂಪನಿಯೇ ಮತ್ತೆ ಪರೀಕ್ಷೆ ಮಾಡಿಸಿತು. ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದವರಿಗೂ ಇದನ್ನು ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಕಂಪನಿ ತಾನಾಗಿಯೇ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ನಮ್ಮಲ್ಲಿ ಇನ್ನೂ ಧಾರಾಳವಾಗಿ ಮಾರಾಟವಾಗುತ್ತಿದೆ. ಹಾಗಾಗಿ "ಎಸ್‌ಪಿ" ಸಿಗಲಿಲ್ಲ, ಬರೀ "ಪಿ" ಸಿಕ್ಕಿತು ಅಂದರೆ ಕಂಗಾಲಾಗಬೇಡಿ. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ಬಹಳಷ್ಟು ಸಲ "ಪರವಾಗಿಲ್ಲ ತಗೊಳ್ಳಿ" ಅನ್ನುತ್ತಾರೆ.

ಹಂತ 2: ಒಳಗೆ ಹೋದ ಮೇಲೆ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

ಇದು ಸ್ವಲ್ಪ ಅರ್ಥವಾದರೆ ಮುಂದಿನ ಎಚ್ಚರಿಕೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಪೆಟ್ಟಾದ ಜಾಗದಲ್ಲಿ ನಮ್ಮ ಮೈ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತು ತಯಾರಿಸುತ್ತದೆ. ಅಲ್ಲಿ ಊತ, ಬಿಸಿ, ಕೆಂಪು, ನೋವು ಬರುವುದರಲ್ಲಿ ಅದರ ಪಾತ್ರ ದೊಡ್ಡದು. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಇಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಎಲ್ಲ ಒಂದೇ ಕುಲ. ಆ ವಸ್ತು ತಯಾರಾಗದಂತೆ ತಡೆಯುತ್ತವೆ. ನೋವೂ ಇಳಿಯುತ್ತದೆ, ಊತವೂ ಇಳಿಯುತ್ತದೆ.

ಸಮಸ್ಯೆ ಇರುವುದು ಇಲ್ಲೇ. ಅದೇ ಪ್ರೊಸ್ಟಗ್ಲಾಂಡಿನ್ ಹೊಟ್ಟೆಯ ಒಳಗೋಡೆಯನ್ನು ಆಸಿಡ್‌ನಿಂದ ಕಾಯುತ್ತದೆ. ಕಿಡ್ನಿಗೆ ಹೋಗುವ ರಕ್ತನಾಳವನ್ನು ತೆರೆದಿಡುತ್ತದೆ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು, ಕಿಡ್ನಿ ಯಾವುದು ಗೊತ್ತಾಗುವುದಿಲ್ಲ. ಎಲ್ಲ ಕಡೆಯೂ ತಡೆಯುತ್ತದೆ. ಹೊಟ್ಟೆ ಹುಣ್ಣು, ರಕ್ತಸ್ರಾವ, ಕಾಲೂತ, ಬಿಪಿ ಏರುವುದು, ಕಿಡ್ನಿ ಸೋಲುವುದು, ಎಲ್ಲದರ ಬೇರೂ ಇದೊಂದೇ.

ಪ್ಯಾರಾಸಿಟಮಾಲ್ ದಾರಿ ಬೇರೆ. ಅದು ನೋವು, ಜ್ವರ ಇಳಿಸುತ್ತದೆ. ಊತಕ್ಕೆ ಅಷ್ಟೇನೂ ಕೆಲಸ ಮಾಡುವುದಿಲ್ಲ. ಹೊಟ್ಟೆಗೆ, ಕಿಡ್ನಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಆದರೆ ಮಿತಿ ಮೀರಿದರೆ ಲಿವರ್ ಸುಡುತ್ತದೆ. ದಾರಿ ಬೇರೆ ಬೇರೆ ಆದ್ದರಿಂದಲೇ ಎರಡನ್ನೂ ಸೇರಿಸುವುದರಲ್ಲಿ ಅರ್ಥವಿದೆ. ಹಲ್ಲು ಕಿತ್ತಾಗ ಇಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಜೋಡಿ ಒಂದೊಂದೇ ಮಾಡುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಂಬಿನೇಷನ್ ಅಂದ ಕೂಡಲೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ.

ರಾಮದೇವರ ಬೆಟ್ಟದಲ್ಲಿ ರಣಹದ್ದುಗಳ ಧಾಮ ಇದೆಯಲ್ಲ, ಆ ಹಕ್ಕಿಗಳ ಕತೆಯೂ ಇದೇ ಮಾತ್ರೆಯ ಕತೆ. ದನಗಳ ನೋವಿಗೆ ಡೈಕ್ಲೋಫೆನಾಕ್ ಚುಚ್ಚುತ್ತಿದ್ದರು. ಸತ್ತ ದನವನ್ನು ತಿಂದ ಹದ್ದುಗಳ ಕಿಡ್ನಿ ಕೆಲಸ ನಿಲ್ಲಿಸಿ, ದೇಶದ ತುಂಬ ಅವು ಸಾಮೂಹಿಕವಾಗಿ ಸತ್ತವು. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ನಿಷೇಧವಾಯಿತು. ದನದ ಮೈಯಲ್ಲಿ ಅಸೆಕ್ಲೋಫೆನಾಕ್ ಕೂಡ ಡೈಕ್ಲೋಫೆನಾಕ್ ಆಗಿ ಬದಲಾಗುತ್ತದೆ ಅಂತ ಗೊತ್ತಾಗಿ 2023ರಲ್ಲಿ ಅದನ್ನೂ ಪ್ರಾಣಿಗಳಿಗೆ ಕೊಡದಂತೆ ತಡೆದರು. ಮನುಷ್ಯರ ಕಿಡ್ನಿ ಹದ್ದಿನ ಕಿಡ್ನಿಯಷ್ಟು ಸೂಕ್ಷ್ಮವಲ್ಲ, ಹೆದರಬೇಡಿ. ಆದರೂ ದಿನಾ ಬೆಟ್ಟ ನೋಡಿಕೊಂಡು ಅಂಗಡಿಗೆ ಬರುವ ನನಗೆ ಇದು ನೆನಪಾಗದೆ ಇರುವುದಿಲ್ಲ.

ಹಂತ 3: ಇದು ಮಾತ್ರೆ ನುಂಗಿ ಮಲಗುವ ನೋವಾ?

ಉಳುಕು, ಹಲ್ಲುನೋವು, ಮೈಕೈ ನೋವು, ಮೊದಲೇ ಡಾಕ್ಟರ್ ನೋಡಿ ಹೇಳಿದ ಮಂಡಿ ನೋವು. ಇವಕ್ಕೆ ಸರಿ. ಕೆಳಗಿನವು ಹಾಗಲ್ಲ.

ಎದೆ, ದವಡೆ, ಎಡಗೈ ಹಿಡಿದಂತಾಗಿ ಬೆವರು ಬಂದರೆ ಅದನ್ನು "ಗ್ಯಾಸ್" ಅಂತಲೋ "ಉಳುಕು" ಅಂತಲೋ ತಳ್ಳಿಹಾಕಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ಮೇಲುಹೊಟ್ಟೆ ಉರಿಯುತ್ತಿದ್ದರೆ ಈ ಮಾತ್ರೆ ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ. ಸೊಂಟ ನೋವಿನ ಜೊತೆ ಕಾಲು ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ, ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಗೆ ಬಿಸಿಯಾಗಿ ಜ್ವರ ಬಂದರೆ, ಹಿಂದೆಂದೂ ಕಾಣದಷ್ಟು ಜೋರು ತಲೆನೋವು ಸಿಡಿದರೆ, ಆಸ್ಪತ್ರೆಗೆ ಹೋಗಿ.

ಇನ್ನೊಂದು ಬಹಳ ಮುಖ್ಯ. ಜ್ವರದ ಜೊತೆ ಮೈಕೈ ನೋವು. ಮಳೆಗಾಲದಲ್ಲಿ ಇದು ಡೆಂಗಿ ಇರಬಹುದು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿದೆ ಅಲ್ವಾ? ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತ ಸೋರುವ ಅಪಾಯ ಇರುತ್ತದೆ. ಆಗ ಇಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಆಸ್ಪಿರಿನ್ ಯಾವುದೂ ಬೇಡ. ಚಿಕುನ್‌ಗುನ್ಯಾ ಅಂತ ನೀವೇ ತೀರ್ಮಾನ ಮಾಡಿಕೊಂಡು ಕೀಲುನೋವಿನ ಮಾತ್ರೆ ಶುರು ಮಾಡುವುದೂ ಬೇಡ, ಎರಡೂ ಶುರುವಿನಲ್ಲಿ ಒಂದೇ ತರ ಕಾಣುತ್ತವೆ. ಡೆಂಗಿ ಇಲ್ಲ ಅಂತ ಡಾಕ್ಟರ್ ಹೇಳುವ ತನಕ ಬರೀ ಪ್ಯಾರಾಸಿಟಮಾಲ್, ನೀರು, ಗಂಜಿ.

ಹಂತ 4: ನಿಮ್ಮ ಮೈಗೆ ಇದು ಆಗುತ್ತದಾ ನೋಡಿ

ಈ ಹಂತವನ್ನು ಯಾರೂ ದಾಟಿಕೊಂಡು ಹೋಗಬಾರದು. ಡಾಕ್ಟರ ಬಳಿ ಜನ ನೋವಿನ ಬಗ್ಗೆ ಹೇಳುತ್ತಾರೆ, ಮನೆಯಲ್ಲಿ ದಿನಾ ನುಂಗುವ ಮಾತ್ರೆಯ ಬಗ್ಗೆ ಹೇಳುವುದೇ ಇಲ್ಲ. "ಅದು ಬಿಪಿದು, ಇದು ನೋವಿಂದು" ಅಂತ ಬೇರೆ ಬೇರೆ ಖಾತೆ.

ಮೊದಲು ಬಿಪಿ. ನಮ್ಮಲ್ಲಿ ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು ತುಂಬಾ ಜನ. ಅದರಲ್ಲೂ "ಎಚ್" ಅಂತ ಕೊನೆಗಿರುವ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಕೂಡ ಇರುತ್ತದೆ. ಅದೂ ಒಂದು ಕಾಂಬಿನೇಷನ್ನೇ! ಇವೆರಡರ ಮೇಲೆ ನೋವಿನ ಮಾತ್ರೆ ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಒತ್ತಡ. ಹೈಡ್ರೋಕ್ಲೋರೋಥಯಾಜೈಡ್ ಮೈಯಲ್ಲಿನ ನೀರು ಕಡಿಮೆ ಮಾಡುತ್ತದೆ, ಟೆಲ್ಮಿಸಾರ್ಟನ್ ಕಿಡ್ನಿಯಿಂದ ಹೊರಹೋಗುವ ನಾಳ ಸಡಿಲಿಸುತ್ತದೆ, ನೋವಿನ ಮಾತ್ರೆ ಒಳಬರುವ ನಾಳ ಬಿಗಿ ಮಾಡುತ್ತದೆ. ಕಿಡ್ನಿಯೊಳಗೆ ಸೋಸುವುದಕ್ಕೆ ಬೇಕಾದ ಒತ್ತಡವೇ ಉಳಿಯುವುದಿಲ್ಲ. ಇದರ ಮೇಲೆ ಭೇದಿ, ವಾಂತಿ, ಉಪವಾಸ, ಬಿಸಿಲಿನಲ್ಲಿ ಹೊಲದ ಕೆಲಸ ಸೇರಿದರೆ ಕೇಳಬೇಕಾ? ನಾನು ಮೊದಲು ಹೇಳಿದ ಅಜ್ಜಿಗೂ ಬಿಪಿ ಮಾತ್ರೆ ಇತ್ತು. ಮೂರೂ ಪಟ್ಟಿ ಕೊಟ್ಟು ಅವತ್ತೇ ಡಾಕ್ಟರ ಬಳಿ ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಅಂದರೆ ಕಿಡ್ನಿ ಸರಿಯಾಗಿ ಸೋಸುತ್ತಿರಲಿಲ್ಲ. ನೋವಿನ ಮಾತ್ರೆ ನಿಲ್ಲಿಸಿದ ಮೇಲೆ ನಿಧಾನಕ್ಕೆ ಇಳಿಯಿತು. ಎಲ್ಲರಿಗೂ ಹಾಗೆ ಇಳಿಯುತ್ತದೆ ಅಂತೇನಿಲ್ಲ.

ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಮುಟ್ಟಬಾರದು. ಯುರೋಪಿನಲ್ಲಿ ಇಂಥವರಿಗೆ ಈ ಎರಡನ್ನೂ ಕೊಡಬೇಡಿ ಅಂತಲೇ ನಿಯಮವಿದೆ. ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್, ವಾರ್ಫರಿನ್, ಅಸಿಟ್ರಾಮ್ ತರಹದ ರಕ್ತ ತೆಳುಮಾಡುವ ಮಾತ್ರೆ ಇದ್ದವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಜಾಸ್ತಿ. ಇಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರುತ್ತದೆ. ಖಿನ್ನತೆಗೆ ಎಸಿಟಲೋಪ್ರಾಮ್ ತೆಗೆದುಕೊಳ್ಳುವವರಿಗೂ ರಕ್ತಸ್ರಾವದ ಸಾಧ್ಯತೆ ಏರುತ್ತದೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಅದನ್ನು ಬರೆದ ಡಾಕ್ಟರನ್ನೇ ಕೇಳಬೇಕು.

ಆಸ್ತಮಾ ಇದ್ದವರಲ್ಲಿ ಕೆಲವರಿಗೆ ಈ ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ಉಸಿರು ಕಟ್ಟುತ್ತದೆ. ಹಿಂದೆ ಒಮ್ಮೆ ಹಾಗಾಗಿದ್ದರೆ, ಈ ಕುಲದ ಯಾವ ಮಾತ್ರೆಯೂ ಬೇಡ.

ಬಸುರಿಯರು 20 ವಾರ ದಾಟಿದ ಮೇಲೆ ಡಾಕ್ಟರ್ ಹೇಳದೆ ಈ ಮಾತ್ರೆ ತೆಗೆದುಕೊಳ್ಳಬಾರದು. ಮಗುವಿನ ಕಿಡ್ನಿಗೆ ತೊಂದರೆಯಾಗಿ ಸುತ್ತಲಿನ ನೀರು ಕಡಿಮೆಯಾಗಬಹುದು. ಕೊನೆಯ ಮೂರು ತಿಂಗಳಲ್ಲಿ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ಹೊತ್ತಿಗೆ ಮುಂಚೆ ಮುಚ್ಚಿಕೊಳ್ಳುವ ಅಪಾಯವಿದೆ. 20 ವಾರಕ್ಕೆ ಮುಂಚೆಯೂ ಕೇಳಿಯೇ ತೆಗೆದುಕೊಳ್ಳಿ. ಥಯೋಕಾಲ್ಚಿಕೋಸೈಡ್ ಇರುವ ಮಾತ್ರೆಯಂತೂ ಬಸುರಿಯ ಯಾವ ತಿಂಗಳಲ್ಲೂ ಬೇಡ.

ಸ್ನಾಯು ಸಡಿಲಿಸುವ ಜೋಡಿಯ ಬಗ್ಗೆ ಒಂದು ಎಚ್ಚರಿಕೆ ಕಡಿಮೆ ಜನಕ್ಕೆ ಗೊತ್ತು. ಟಿಜಾನಿಡಿನ್ ಜೊತೆ ಸಿಪ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ಸೇರಬಾರದು. ಭೇದಿ ಆದ ಕೂಡಲೇ "ಸಿಪ್ರೋ ಕೊಡಿ" ಅಂತ ಬರುವವರು ನಮ್ಮಲ್ಲಿ ಎಷ್ಟು ಜನ! ಸಿಪ್ರೋ ಇದ್ದರೆ ಟಿಜಾನಿಡಿನ್ ರಕ್ತದಲ್ಲಿ ಹಲವು ಪಟ್ಟು ಏರುತ್ತದೆ. ಬಿಪಿ ದಿಢೀರ್ ಕುಸಿದು ತಲೆ ತಿರುಗಿ ಬೀಳುತ್ತಾರೆ. ಟಿಜಾನಿಡಿನ್ ಒಂದನ್ನೇ ತೆಗೆದುಕೊಂಡರೂ ಮಂಪರು ಬರುತ್ತದೆ. ಅವತ್ತು ಗಾಡಿ ಓಡಿಸಬೇಡಿ. ವಯಸ್ಸಾದವರು ರಾತ್ರಿ ಬಾತ್‌ರೂಮಿಗೆ ಏಳುವಾಗ ಮಂಚದ ಮೇಲೆ ಒಂದು ನಿಮಿಷ ಕೂತು ಏಳಲಿ.

ಹಂತ 5: ಪೆನ್ನು ಹಿಡಿದು ಲೆಕ್ಕ ಹಾಕಿ

ಜ್ವರ, ಮೈಕೈ ನೋವು, ನೆಗಡಿ ಮೂರೂ ಇರುವ ಒಬ್ಬರ ಒಂದು ದಿನ ತೆಗೆದುಕೊಳ್ಳೋಣ.

ಕಾಂಬಿನೇಷನ್ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಅದರಲ್ಲಿ ಪ್ಯಾರಾಸಿಟಮಾಲ್ 325 ಎರಡು ಸಲ, 650 ಮಿ.ಗ್ರಾಂ.
ಜ್ವರಕ್ಕೆ ಡೋಲೋ 650 ನಾಲ್ಕು ಸಲ, 2600.
ನೆಗಡಿ ಮಾತ್ರೆ ಮೂರು ಸಲ. ಹಲವು ನೆಗಡಿ ಮಾತ್ರೆಗಳಲ್ಲಿ ತಲಾ 500 ಇರುತ್ತದೆ, 1500.
ಒಟ್ಟು 4750 ಮಿ.ಗ್ರಾಂ.

ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 4000 ಅತಿ ಹೆಚ್ಚು. ಹಲವು ಡಾಕ್ಟರುಗಳು 3000ಕ್ಕೇ ನಿಲ್ಲಿಸಿ ಅನ್ನುತ್ತಾರೆ. ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ, ತುಂಬಾ ಸಣಕಲು ಮೈಯವರಿಗೆ 2000ಕ್ಕೆ ಇಳಿಸುವುದೂ ಇದೆ. ಈ ಮನುಷ್ಯ ತಾನು ಮೂರು ಬೇರೆ ಬೇರೆ ಕಾಯಿಲೆಗೆ ಮೂರು ಬೇರೆ ಬೇರೆ ಮಾತ್ರೆ ತೆಗೆದುಕೊಂಡೆ ಅಂದುಕೊಂಡಿರುತ್ತಾನೆ. ಲಿವರ್‌ಗೆ ಬಂದಿರುವುದು ಒಂದೇ ಔಷಧಿಯ ರಾಶಿ.

ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಗೊತ್ತಾಗದೆ ಇರಬಹುದು. ಲಿವರ್ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣುತ್ತದೆ. ಇದಕ್ಕೆ ಮದ್ದಿದೆ, ಎನ್-ಅಸಿಟೈಲ್‌ಸಿಸ್ಟೀನ್ ಅಂತ. ಅದನ್ನು 8 ಗಂಟೆಯೊಳಗೆ ಕೊಟ್ಟರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ "ಚೆನ್ನಾಗಿಯೇ ಇದ್ದೀನಲ್ಲ" ಅಂತ ಕಾಯಬೇಡಿ.

ಇನ್ನೊಂದು ಲೆಕ್ಕ ಊತ ಇಳಿಸುವ ಔಷಧಿಯದು. ಅಸೆಕ್ಲೋಫೆನಾಕ್ ದಿನಕ್ಕೆ 200, ಅಂದರೆ 100ರ ಎರಡು ಮಾತ್ರೆ, ನಡುವೆ 12 ಗಂಟೆ. ಡೈಕ್ಲೋಫೆನಾಕ್ ದಿನಕ್ಕೆ 150 ದಾಟಬಾರದು. ಇಬುಪ್ರೊಫೆನ್ ಡಾಕ್ಟರ್ ಹೇಳದೆ 1200 ದಾಟಬಾರದು, ಅಂದರೆ 400ರ ಮೂರು. ಒಂದೇ ದಿನ ಈ ಕುಲದ ಎರಡನ್ನು ಬೆರೆಸಲೇಬಾರದು. ನೋವು ಎರಡರಷ್ಟು ಇಳಿಯುವುದಿಲ್ಲ, ಅಪಾಯ ಮಾತ್ರ ಏರುತ್ತದೆ.

ಇಂಜೆಕ್ಷನ್ ಕೂಡ ಈ ಲೆಕ್ಕದಲ್ಲೇ ಬರುತ್ತದೆ. ಸಂಜೆ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಚುಚ್ಚಿಸಿಕೊಂಡು ಬಂದು ರಾತ್ರಿ ಊಟ ಆದ ಮೇಲೆ ಮಾತ್ರೆಯನ್ನೂ ನುಂಗುವವರಿದ್ದಾರೆ. ಚುಚ್ಚಿದ್ದು ಬಹಳ ಸಲ ಡೈಕ್ಲೋಫೆನಾಕೇ. ಚುಚ್ಚಿಸಿಕೊಂಡಾಗ "ಮಾತ್ರೆ ಇವತ್ತೇ ಶುರು ಮಾಡಬೇಕಾ, ನಾಳೆಯಿಂದಲಾ?" ಅಂತ ಒಂದು ಪ್ರಶ್ನೆ ಕೇಳಿ ಬನ್ನಿ. ಸಂತೆಯಲ್ಲಿ ಸಿಗುವ ಹೆಸರಿಲ್ಲದ "ಕೀಲುನೋವಿನ ಪುಡಿ"ಗಳ ಬಗ್ಗೆಯೂ ಹುಷಾರು. ಗಿಡಮೂಲಿಕೆ ಅಂತ ಮಾರುವ ಇಂಥವುಗಳಲ್ಲಿ ಸ್ಟೀರಾಯ್ಡ್, ಡೈಕ್ಲೋಫೆನಾಕ್ ಬೆರೆಸಿದ್ದು ಸಿಕ್ಕಿಬಿದ್ದ ಉದಾಹರಣೆಗಳಿವೆ. ಮೂರು ದಿನದಲ್ಲಿ ಪವಾಡ ಮಾಡುವ ಪುಡಿಯನ್ನು ನಾನಂತೂ ನಂಬುವುದಿಲ್ಲ.

ಹಂತ 6: ನುಂಗುವ ರೀತಿ

ಊಟವೋ ತಿಂಡಿಯೋ ಆದ ಮೇಲೆ, ಒಂದು ದೊಡ್ಡ ಲೋಟ ನೀರಿನ ಜೊತೆ. ಒಂದು ಗುಟುಕು ಕಾಫಿಯಲ್ಲಿ ಇಳಿಸುವುದಲ್ಲ. ನುಂಗಿದ ಕೂಡಲೇ ಮಲಗಬೇಡಿ, ಹದಿನೈದು ಇಪ್ಪತ್ತು ನಿಮಿಷ ಕೂತಿರಿ, ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಹೊಟ್ಟೆ ತುಂಬಿದ್ದರೆ ಉರಿ ಕಡಿಮೆ. ಆದರೆ ಊಟ ಮಾಡಿದ್ದೇವೆ ಅಂತ ಹುಣ್ಣೇ ಆಗುವುದಿಲ್ಲ ಅಂದುಕೊಳ್ಳಬೇಡಿ. ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಹೊಟ್ಟೆಯ ಕಾವಲು ತೆಗೆಯುತ್ತಲೇ ಇರುತ್ತದೆ.

ಜೊತೆಗೆ ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ ಮಾತ್ರೆ ಬರೆದಿದ್ದರೆ ಅದು ಬೆಳಿಗ್ಗೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮುಂಚೆ. ಬಹಳ ಜನ ಎರಡನ್ನೂ ಒಟ್ಟಿಗೆ ಅಂಗೈಗೆ ಹಾಕಿಕೊಂಡು ಊಟ ಆದ ಮೇಲೆ ನುಂಗುತ್ತಾರೆ. ಆಗ ಗ್ಯಾಸ್ ಮಾತ್ರೆ ಪೂರ್ತಿ ಕೆಲಸ ಮಾಡುವುದಿಲ್ಲ. ಅದು ಕಾಯುವುದು ಹೊಟ್ಟೆಯನ್ನು. ಕಿಡ್ನಿಯನ್ನಲ್ಲ, ಹೃದಯವನ್ನಲ್ಲ. "ಗ್ಯಾಸ್ ಮಾತ್ರೆ ಹಾಕಿದ್ದೀನಿ, ಇನ್ನೊಂದು ವಾರ ತಗೊಂಡ್ರೆ ಏನು" ಅನ್ನುವ ಮಾತು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ.

"ಎಸ್‌ಆರ್" ಅಂತ ಇರುವ ಮಾತ್ರೆ ನಿಧಾನಕ್ಕೆ ಕರಗಲೆಂದೇ ಮಾಡಿದ್ದು. ಮುರಿಯಬೇಡಿ, ಪುಡಿ ಮಾಡಬೇಡಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ನೋವು ಇಳಿದಿದ್ದರೆ ಆ ಹೊತ್ತಿನದನ್ನು ಬಿಡಬಹುದು. ಇದು ಆಂಟಿಬಯಾಟಿಕ್ ಅಲ್ಲ, ಕೋರ್ಸ್ ಮುಗಿಸಲೇಬೇಕು ಅಂತೇನಿಲ್ಲ. ನುಂಗಿದ ಇಪ್ಪತ್ತೇ ನಿಮಿಷಕ್ಕೆ ನೋವು ಹೋಗಲಿಲ್ಲ ಅಂತ ಇನ್ನೊಂದು ಹಾಕಬೇಡಿ. ಅಸೆಕ್ಲೋಫೆನಾಕ್ ರಕ್ತದಲ್ಲಿ ಪೂರ್ತಿ ಏರಲು ಒಂದೂಕಾಲರಿಂದ ಮೂರು ಗಂಟೆ ಬೇಕು.

ಡ್ರಿಂಕ್ಸ್ ಬೇಡ. ಹೊಟ್ಟೆಗೂ ಲಿವರ್‌ಗೂ ಎರಡಕ್ಕೂ ಪೆಟ್ಟು.

ಹಂತ 7: ದಿನ ಎಣಿಸಿ

ಉಳುಕು, ಹಲ್ಲುನೋವಿನಂಥದ್ದಕ್ಕೆ ಮೂರರಿಂದ ಐದು ದಿನ. ಅಷ್ಟರಲ್ಲಿ ಬಗ್ಗದಿದ್ದರೆ ಮತ್ತೆ ಡಾಕ್ಟರ ಬಳಿ ಹೋಗಬೇಕು, ಮತ್ತೆ ನನ್ನ ಅಂಗಡಿಗಲ್ಲ. ಥಯೋಕಾಲ್ಚಿಕೋಸೈಡ್ ಮಾತ್ರೆ ಏಳು ದಿನ ದಾಟಬಾರದು.

ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು ಬರೆಯುವ ಗೋಡೆ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ನೋವಿನ ಮಾತ್ರೆ ನುಂಗಿದ ದಿನ ಒಂದು ಗೀಟು ಹಾಕಿ. ತಿಂಗಳ ಕೊನೆಗೆ ಎಣಿಸಿ. ಎಷ್ಟೋ ಜನ "ಯಾವಾಗಲೋ ಒಂದು" ಅನ್ನುತ್ತಾರೆ, ಎಣಿಸಿದರೆ ಹದಿನೆಂಟು ಇರುತ್ತದೆ. ತಲೆನೋವಿಗೆ ಕಾಂಬಿನೇಷನ್ ಮಾತ್ರೆಯನ್ನು ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೇ ಮೂರು ತಿಂಗಳು ದಾಟಿಸಿದರೆ, ಮಾತ್ರೆಯೇ ತಲೆನೋವು ತರುವ ಸ್ಥಿತಿ ಬರುತ್ತದೆ. ಮಾತ್ರೆ ಹೆಚ್ಚಿದಷ್ಟೂ ತಲೆನೋವು ಹೆಚ್ಚು.

ಮಂಡಿ ಸವೆತದಂಥ ವರ್ಷಗಟ್ಟಲೆಯ ನೋವಿಗೆ ದಿನಾ ಮಾತ್ರೆ ದಾರಿಯಲ್ಲ. ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವುದು ನುಂಗಿದ್ದಕ್ಕಿಂತ ಬಹಳ ಕಡಿಮೆ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ತೂಕ ಇಳಿಸುವುದು, ಫಿಸಿಯೋಥೆರಪಿ ನಿಧಾನ, ಆದರೆ ಕೆಲಸ ಮಾಡುತ್ತವೆ. ಮಾತ್ರೆ ಬಿಡಲು ಆಗುವುದೇ ಇಲ್ಲ ಅನ್ನುವವರು ಕ್ರಿಯಾಟಿನಿನ್, ಬಿಪಿ, ಹಿಮೋಗ್ಲೋಬಿನ್ ಯಾವಾಗ ನೋಡಿಸಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಹಂತ 8: ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟು. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೂ ಕಪ್ಪಾಗುತ್ತದೆ, ಆದರೆ ಅಂಟು, ಕೆಟ್ಟ ವಾಸನೆ, ತಲೆಸುತ್ತು ಸೇರಿದರೆ ಒಳಗೆ ರಕ್ತ ಸೋರುತ್ತಿದೆ. ವಾಂತಿ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದಂತೆ ಬಂದರೂ ಅದೇ. ಇವೆರಡರಲ್ಲಿ ಯಾವುದಾದರೂ 108.

ಮೂತ್ರ ಕಡಿಮೆ, ಪಾದ ಮುಖ ಊತ. ಕಣ್ಣು ಹಳದಿ. ಉಸಿರಿಗೆ ಕಷ್ಟ, ತುಟಿ ಊತ. ಬಾಯಿ ಹುಣ್ಣಿನ ಜೊತೆ ಚರ್ಮದ ಮೇಲೆ ಗುಳ್ಳೆ. ಜ್ವರದ ಜೊತೆ ಮೈತುಂಬ ದದ್ದು. ಈ ಕೊನೆಯದು ಮಾತ್ರೆ ಶುರು ಮಾಡಿ ಎರಡರಿಂದ ಎಂಟು ವಾರ ಕಳೆದ ಮೇಲೂ ಬರಬಹುದು, ಹಾಗಾಗಿ ಜನ ಮಾತ್ರೆಯನ್ನು ಅನುಮಾನಿಸುವುದೇ ಇಲ್ಲ. ಮೆಫೆನಾಮಿಕ್ ಆಸಿಡ್‌ನಿಂದ ಹೀಗಾಗುವ ಬಗ್ಗೆ 2023ರ ನವೆಂಬರ್‌ನಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಎಚ್ಚರಿಕೆ ಹೊರಡಿಸಿತ್ತು. ಔಷಧಿಯಿಂದ ತೊಂದರೆಯಾದರೆ ಆಯೋಗದ ಉಚಿತ ಸಂಖ್ಯೆ 1800-180-3024ಕ್ಕೆ ನೀವೇ ತಿಳಿಸಬಹುದು.

ಹಂತ 9: ಅಂಗಡಿಯಲ್ಲಿ

ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್ ಪಟ್ಟಿಯ ಹಿಂದೆ ಕೆಂಪು ಗೆರೆ ನೋಡಿರುತ್ತೀರಿ. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಅದರ ಅರ್ಥ. ಚೀಟಿ ಇಲ್ಲದೆಯೂ ಸಿಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಕಸುಬಿನವರ ತಪ್ಪೂ ಇದರಲ್ಲಿದೆ, ಒಪ್ಪಿಕೊಳ್ಳುತ್ತೇನೆ. ನಾಲ್ಕೈದು ಬಿಡಿ ಮಾತ್ರೆಯನ್ನು ಸಣ್ಣ ಕವರಿಗೆ ಹಾಕಿ "ಬೆಳಿಗ್ಗೆ ಒಂದೊಂದು, ರಾತ್ರಿ ಒಂದೊಂದು" ಅಂತ ಕೊಡುವವರ ಹತ್ತಿರ ಕೊಳ್ಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಚೀಟಿಯಲ್ಲಿ ಬರೆದ ಬ್ರಾಂಡ್ ಇಲ್ಲದೆ ಬೇರೆ ಕಂಪನಿಯದು ಕೊಟ್ಟರೆ ಒಳಗಿನ ಔಷಧಿ, ಮಿ.ಗ್ರಾಂ ಎರಡೂ ಹೊಂದುತ್ತವೆಯಾ ನೋಡಿ. ಜನೌಷಧಿ ಕೇಂದ್ರದಲ್ಲಿ ಅಸೆಕ್ಲೋಫೆನಾಕ್, ಪ್ಯಾರಾಸಿಟಮಾಲ್ ಜೋಡಿ ಬಹಳ ಅಗ್ಗಕ್ಕೆ ಸಿಗುತ್ತದೆ, ಔಷಧಿ ಅದೇ. ಅರ್ಧ ಪಟ್ಟಿ ಸಾಕು ಅಂದರೆ ಹೆಸರು, ತಾರೀಖು ಇರುವ ಅರ್ಧವನ್ನೇ ಕೇಳಿ. ಅದು ಸಿಗದಿದ್ದರೆ ಪೂರ್ತಿ ಪಟ್ಟಿಯ ಫೋಟೋ ತೆಗೆದುಕೊಂಡು ಹೋಗಿ. ಮನೆಯಲ್ಲಿ ಒಲೆಯ ಹತ್ತಿರದ ಕಪಾಟಿನಲ್ಲಿ ಇಡಬೇಡಿ, ಮಾತ್ರೆ ಬಿಡಿಸಿ ಡಬ್ಬಿಗೆ ತುಂಬಬೇಡಿ. ಮತ್ತೆ ಯಾವತ್ತಾದರೂ ಡಾಕ್ಟರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಪಟ್ಟಿಗಳನ್ನು, ಬಿಪಿದು, ಶುಗರ್‌ದು, ನೋವಿಂದು, ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಆ ಅಜ್ಜಿ ಈಗ ಹಾಗೇ ಮಾಡುತ್ತಾರೆ. ನನ್ನ ಕೌಂಟರ್ ಮೇಲೂ ಸುರಿಯುತ್ತಾರೆ, ಹಿಂದೆ ನಾಲ್ಕು ಜನ ಕಾಯುತ್ತಿದ್ದರೂ ಸರಿ.